ತೆಂಗಿನ ಬುಡಕ್ಕೆ

ಲಿಡ್ವಿನ್ ಬಾವಿಯ ಬದಿಯಲ್ಲಿ ಕುಳಿತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಜಗಲಿಯಲ್ಲಿ ಉಡುಪಿಯ ಲಾಡ್ಜೊಂದರ ಮೇಸ್ತ್ರಿ ಭೋಜ, ಅವಳ ತಂದೆ ಜೋಕಿಮರ ಮುಂದೆ ಒಪ್ಪಿಗೆ ಪತ್ರ ಹರಡಿದ್ದ.

"ಬಾವಿ ಹತ್ತಿರದ ತೆಂಗಿನ ಬುಡಕ್ಕೆ ತಿಂಗಳಿಗೊಂದು ಟ್ಯಾಂಕರ್ ಸೆಪ್ಟೇಜ್. ಪುಕ್ಕಟೆ ಗೊಬ್ಬರ, ಜೋಕಿಮ್ ಪೊರ್ಬುಗಳೇ! ಕಾಯಿ ಹೊರಲು ಜನ ಸಾಕಾಗಲಿಕ್ಕಿಲ್ಲ."

ಜೋಕಿಮ್ ನಗುತ್ತಾ ಪೆನ್ನು ತೆಗೆದರು.

"ಸೆಪ್ಟೇಜ್ ಅಂದರೆ ಎಂತ, ಭೋಜಣ್ಣ?" ಲಿಡ್ವಿನ್ ಮೆಲ್ಲಗೆ ಕೇಳಿದಳು.

"ಲಾಡ್ಜಿನ ಟ್ಯಾಂಕಿಯ ತಳದಲ್ಲಿ ನಿಂತದ್ದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇಂಜಿನಿಯರರ ಶಬ್ದ ಎಂತಕ್ಕೆ ಮಾರಾಯ್ತಿ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಟ್ಯಾಂಕಿ ಎಂದರೆ ತಾರಸಿಯ ಮೇಲಿನ ನೀರಿನದ್ದು. ಅದರೊಳಗೆ ಗೊಬ್ಬರ ಎಲ್ಲಿಂದ ಬಂತು? ಆ ಲಾಡ್ಜಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಾಗ ಹಿತ್ತಲಿನ ನೆಲದಡಿ ಇನ್ನೊಂದು ಟ್ಯಾಂಕಿ ಕಂಡಿದ್ದಳು. ಇಪ್ಪತ್ತು ಕಕ್ಕಸುಗಳ ಪೈಪು ಅದರೊಳಗೆ ಇಳಿದಿತ್ತು. ಅದೇ ಇರಬಹುದೇ? ಅದೇ ಆಗಿದ್ದರೆ ಬಾವಿಯ ಪಕ್ಕಕ್ಕೆ ಸುರಿಯಲು ಯಾರಾದರೂ ಕೇಳುತ್ತಾರೆಯೇ?

ಜೋಕಿಮ್ ಹೆಸರಿನ ಮೊದಲ ಅಕ್ಷರ ಬರೆದಾಗಿತ್ತು.

"ಭೋಜಣ್ಣ, ನಾವು ಕುಡಿಯುವುದು ಈ ಬಾವಿಯ ನೀರನ್ನೇ. ಯಾವ ಟ್ಯಾಂಕಿಯದ್ದು ಅಂತ ಒಮ್ಮೆ ಹೇಳಿ."

ಭೋಜ ಕಾಗದದ ಮಡಿಕೆಗಳನ್ನು ಬೆರಳಿನಿಂದ ನೀವುತ್ತಾ, "ಮೊದಲು ಸಹಿ ಮುಗಿಯಲಿ ಪೊರ್ಬುಗಳೇ," ಎಂದ.