ಎರಡನೇ ಕಿವಿ

ಹೊಳಲ್ಕೆರೆಯ ಅಕ್ಕಸಾಲಿ ಮೌನೇಶಾಚಾರ್ ಮಗುವಿನ ಎಡಗಿವಿ ಚುಚ್ಚಿ ಮುಗಿಸಿದ್ದರು. ಬಲಗಿವಿಗೆ ಇಟ್ಟ ಗುರುತಿನ ಚುಕ್ಕಿಗೆ ಚಿನ್ನದ ತಂತಿ ಹಿಡಿದಾಗ ಕೈ ಗಡಗಡ ನಡುಗಿತು. ಇಳಿಸಿ, ಮತ್ತೆ ಎತ್ತಿದರು. ಮತ್ತೂ ನಡುಗಿತು.

"ಒಂದೇ ಕಿವಿ ಚುಚ್ಸಿ ಮನೆಗೆ ಹೆಂಗ್ ಕರ್ಕಂಡು ಹೋಗ್ಲಿ ಅಜ್ಜ?" ಎಂದಳು ತಾಯಿ ಪಲ್ಲವಿ. "ನನ್ ಕಿವಿನೂ ನೀವೇ ಚುಚ್ಚಿದ್ದಲ್ವಾ?"

"ಅವತ್ತಿನ ಕೈ ಇವತ್ತು ಎಲ್ಲೈತಮ್ಮ?" ಆಚಾರ್ ನಿಟ್ಟುಸಿರುಬಿಟ್ಟರು. ಐವತ್ತು ವರ್ಷ ಈ ಕೆಲಸಕ್ಕೆ ಮನೆಯ ಹೆಂಗಸರನ್ನು ಕೂರಗೊಡದ ಅವರು, ಒಳಬಾಗಿಲಲ್ಲಿ ನಿಂತಿದ್ದ ಸೊಸೆಯತ್ತ ತಂತಿ ಚಾಚಿದರು. "ಬಾರವ್ವ ಸುಜಾತ. ದಿನಾ ನೋಡ್ತೀಯಲ್ಲ, ಚುಕ್ಕಿ ಬಿಟ್ಟು ಆಚೀಚೆ ಹೋಗ್ಬ್ಯಾಡ."

"ನಾನಾ, ಮಾವ?"

"ಮತ್ಯಾರು, ಪಕ್ಕದ ಹೋಟ್ಲಿನೋನಾ? ಕುಂತ್ಕ."

ಸೊಸೆ ಅವರ ಮಣೆಯ ಮೇಲೆ ಕುಳಿತಳು. ಆಚಾರ್ ಮಗುವಿನ ತಲೆಯನ್ನು ಎದೆಗೊತ್ತಿ ಹಿಡಿದು, ಕಿವಿ ಚುಚ್ಚಿಸಲು ಬರುವ ಎಲ್ಲ ತಾಯಂದಿರಂತೆ ಕಣ್ಣು ಮುಚ್ಚಿಕೊಂಡರು.