ಕಂಚಿನ ಎಲೆಗೆ ಬಿಗಿದ ಬೋಲ್ಟ್

ಮನೆಯಲ್ಲಿ ಯಾರನ್ನಾದರೂ ಕೈಹಿಡಿದು ನಡೆಸುತ್ತಿದ್ದೀರಾ? ಹಾಗಾದರೆ ಇದನ್ನು ಪೂರ್ತಿ ಓದಿ...

ಧಾರವಾಡದಲ್ಲಿ ಸುಲೋಚನಾ ಎಂಬ ಶಿಲ್ಪಿ ಇದ್ದರು. ಅವರದು ಕಂಚಿನ ಕೆಲಸ. ದೇವರ ಮೂರ್ತಿಗಳಲ್ಲ... ಎಲೆಯೋ, ರೆಕ್ಕೆಯೋ, ನೀರಿನ ಸುಳಿಯೋ ಎಂದು ನೋಡುವವರೇ ಊಹಿಸಬೇಕಾದ ಆಕಾರಗಳು.

ಒಂದು ದಿನ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು.

ಅಂದಿನಿಂದ ಗಂಡ ವಿರೂಪಾಕ್ಷ ಅವರ ತೋಳು ಬಿಡಲೇ ಇಲ್ಲ. "ಕಾಲಿಗೆ ಬಲ ಬಂದಿದೆ, ಒಬ್ಬರೇ ನಡೆಯಲಿ" ಎಂದು ಡಾಕ್ಟರ್ ಹೇಳಿದರೂ ಬಿಡಲಿಲ್ಲ. ಲಕ್ವ ಹೊಡೆದ ದಿನ ಹೆಂಡತಿ ಬಚ್ಚಲಲ್ಲಿ ಬಿದ್ದ ಸದ್ದು ಅವರ ಕಿವಿಯಲ್ಲಿ ಇನ್ನೂ ಇತ್ತು...

ಆಮೇಲೆ ಸುಲೋಚನಾ ಮಾಡಿದ ಮೊದಲ ಶಿಲ್ಪ ಒಂದು ದೊಡ್ಡ ಎಲೆ. ಸಣ್ಣ ಕಂಬದ ತುದಿಯಲ್ಲಿ ನಿಂತು, ಗಾಳಿ ಬಂದಂತೆ ತಿರುಗಬೇಕು. ಅದನ್ನು ನಿಲ್ಲಿಸಿದ್ದು ಮಕ್ಕಳು ಆಡುವ ಪಾರ್ಕಿನಲ್ಲಿ.

"ಅಷ್ಟು ಭಾರ ಐತಿ... ಹುಡುಗರ ಮ್ಯಾಲೆ ಬಿದ್ದರ ಏನ್ ಗತಿ?" ಎಂದರು ವಿರೂಪಾಕ್ಷ.

"ಬೀಳೂದಿಲ್ರೀ. ತಿರಗತೈತಿ, ಅದಕ್ಕ ನಿಲ್ಲತೈತಿ."

ಅವರಿಗೆ ನಂಬಿಕೆ ಬರಲಿಲ್ಲ.

ಲಾರಿಯಲ್ಲಿ ತರುವಾಗ ಎಲೆ ಅಲುಗಾಡದಿರಲಿ ಎಂದು ಒಂದು ಬೋಲ್ಟ್ ಹಾಕಿರುತ್ತಾರೆ. ನಿಲ್ಲಿಸಿದ ಮೇಲೆ ಅದನ್ನು ತೆಗೆಯಬೇಕು; ತೆಗೆದೂ ಇದ್ದರು. ಉದ್ಘಾಟನೆಯ ದಿನ, ಹೆಂಡತಿ ಏಳುವ ಮೊದಲೇ ವಿರೂಪಾಕ್ಷ ಪಾರ್ಕಿಗೆ ಹೋಗಿ ಆ ಬೋಲ್ಟನ್ನು ಮತ್ತೆ ಬಿಗಿದು ಬಂದರು. ಯಾರಿಗೂ ಹೇಳಲಿಲ್ಲ.

ಸಂಜೆ ಜನ ಸೇರಿದರು. ಇದ್ದಕ್ಕಿದ್ದಂತೆ ಜೋರು ಗಾಳಿ ಎದ್ದಿತು...

ಎಲೆ ತಿರುಗಲಿಲ್ಲ. ಗಾಳಿಯ ಹೊಡೆತವನ್ನೆಲ್ಲ ಎದೆಗೊಟ್ಟು ನಿಂತಿತು. ಕಂಬ ಕಿರುಗುಟ್ಟಿತು. ಬುಡದ ಸಿಮೆಂಟ್ ಬಿರುಕು ಬಿಟ್ಟಿತು. ಜನ ಕುರ್ಚಿಗಳನ್ನು ಉರುಳಿಸಿ, ಮಕ್ಕಳನ್ನು ಎಳೆದುಕೊಂಡು ಓಡಿದರು.

ಸುಲೋಚನಾ ಬುಡದ ಬಿರುಕನ್ನೇ ನೋಡುತ್ತಿದ್ದರು.

"ನನ್ನ ಅಂದಾಜು ತಪ್ಪೇತ್ರಿ... ಕೈ ಹೋತು, ಅದರ ಕೂಡ ವಿದ್ಯಾನೂ ಹೋತು. ಇನ್ನ ಮ್ಯಾಲೆ ನಾ ಏನೂ ಮಾಡೂದಿಲ್ಲ."

ಎಲೆ ಬಿದ್ದೀತೆಂದು ಹೆದರಿದ್ದ ವಿರೂಪಾಕ್ಷ, ಹೆಂಡತಿ ಹೀಗೆ ಕುಸಿದಾಳೆಂದು ಯೋಚಿಸಿಯೇ ಇರಲಿಲ್ಲ.

"ತಪ್ಪು ನಿಂದಲ್ಲ... ಬೋಲ್ಟ್ ಬಿಗದಾಂವ ನಾನು."

ಓಡಿಹೋಗಿ ಅದನ್ನು ಬಿಚ್ಚಬೇಕು. ಆದರೆ ಓಡಬೇಕಾದರೆ ಹೆಂಡತಿಯ ತೋಳು ಬಿಡಬೇಕು... ಹಿಡಿದುಕೊಳ್ಳಲು ಅಲ್ಲಿ ಒಂದು ಕುರ್ಚಿಯೂ ನೆಟ್ಟಗೆ ಉಳಿದಿರಲಿಲ್ಲ.

ಸುಲೋಚನಾ ಮೆಲ್ಲಗೆ ಹೇಳಿದರು, "ಬಿಡ್ರಿ."

ಅವರು ಬಿಟ್ಟರು.

ಕಂಬದ ಬಳಿಗೆ ಓಡಿ, ಬೆಳಿಗ್ಗೆಯಿಂದ ಜೇಬಿನಲ್ಲೇ ಇದ್ದ ಸ್ಪ್ಯಾನರ್ ತೆಗೆದು ಬೋಲ್ಟ್ ಬಿಚ್ಚಿದರು. ಎಲೆ ಅವರ ತಲೆಯ ಮೇಲೆ ಗಿರ್ರನೆ ತಿರುಗಿ, ಗಾಳಿಗೆ ಅಂಚು ಕೊಟ್ಟು, ಹಗುರಾಗಿ ತೂಗುತ್ತಾ ನಿಂತಿತು. ಕಂಬದ ಸದ್ದು ನಿಂತುಹೋಯಿತು.

ಆದರೆ ಹಿಂದಿರುಗಿ ನೋಡಲು ಅವರಿಗೆ ಧೈರ್ಯವಿರಲಿಲ್ಲ. ಹೆಂಡತಿ ನೆಲದ ಮೇಲಿದ್ದರೆ...

ಕೊನೆಗೂ ನೋಡಿದರು.

ಅದೇ ಗಾಳಿಯಲ್ಲಿ ಸುಲೋಚನಾ ಒಬ್ಬರೇ ನಿಂತಿದ್ದರು. ಚೂರು ಆ ಕಡೆ, ಚೂರು ಈ ಕಡೆ ವಾಲುತ್ತಿದ್ದರು... ಬೀಳಲಿಲ್ಲ.

ವಿರೂಪಾಕ್ಷ ಕಂಬಕ್ಕೆ ಒರಗಿ ಅತ್ತುಬಿಟ್ಟರು. ಕೈಚಾಚಿಕೊಂಡೇ ಅವಸರದಿಂದ ಹೆಂಡತಿಯ ಹತ್ತಿರ ಬಂದರು.

"ಮನಿಗೆ ಹೋಗೂಣು ನಡೀರಿ," ಎಂದರು ಸುಲೋಚನಾ. "ಕೈ ಹಿಡೀಬ್ಯಾಡ್ರಿ... ಬಾಜೂಕ ಬರ್ರಿ."

ನಮ್ಮ ಹೆದರಿಕೆಗೆ ಬಿಗಿದ ಬೋಲ್ಟ್ ನಮ್ಮವರನ್ನು ಕಾಯುವುದಿಲ್ಲ.

ಇವತ್ತು ನೀವು ಯಾರ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೀರಿ... ಅವರಿಗಾಗಿಯೋ, ನಿಮ್ಮ ಹೆದರಿಕೆಗಾಗಿಯೋ?