ಮೂರು ದಿನದ ನೀಲ

ಜಯನಗರ ಫೋರ್ತ್ ಬ್ಲಾಕಿನ ಆ ಹಳೇ ಒಡವೆ ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ವಿಭಾ ಮುಖ ಬಾಡಿಸ್ಕೊಂಡ್ಳು. ಸುಳ್ಳು ಹೇಳೋಕೆ ಬಂದಿದ್ಳು. ನಗು ಬಂದ್ರೆ ಕೆಟ್ಟಂಗೆ.

ನೀಲ ಎಲ್ರಿಗೂ ಆಗಿಬರಲ್ಲ. ಶನಿಯ ಕಲ್ಲು. ಒಲಿದ್ರೆ ರಾಜಯೋಗ, ಮುನಿದ್ರೆ ಬೀದಿಪಾಲು. ಅದಕ್ಕೇ ಮೂರು ದಿನ ಇಟ್ಕೊಂಡು ನೋಡಿ ಆಮೇಲೆ ಕೊಳ್ಳೋದು ಪದ್ಧತಿ, ಕೇಡಾದ್ರೆ ವಾಪಸ್ಸು. ವಿಭಾಗೆ ರಾಜಯೋಗ ಯಾರಿಗೆ ಬೇಕು? ನಿನ್ನೆ ಇಟ್ಟಮಡು ಛತ್ರದಲ್ಲಿ ಫ್ರೆಂಡ್ ಸುರಭಿ ಮದುವೆ ಇತ್ತು. ಅಲ್ಲಿ ಹಾಕ್ಕೊಂಡು ಮೆರೆಯೋಕೆ ಒಂದು ಅಜ್ಜಿ ಕಾಲದ ಉಂಗುರ ಬೇಕಿತ್ತು, ಅಷ್ಟೇ. ಸುತ್ತ ಬಳ್ಳಿ ಕೆತ್ತಿದ ಚಿನ್ನ, ಮಧ್ಯ ನವಿಲುಕತ್ತಿನ ಬಣ್ಣದ ಕಲ್ಲು. ಫೋಟೋ ಸಖತ್ತಾಗಿ ಬಂದಿದ್ವು.

ಈಗ ಒಂದೇ ತಲೆನೋವು. ಗ್ಯಾರಂಟಿಗೆ ಅಂತ ಅಮ್ಮನ ಎರಡು ಬಳೆ ಅಂಗಡೀಲಿ ಬಿಟ್ಟಿದ್ಳು, ಅಮ್ಮಂಗೆ ಹೇಳ್ದೆ. ಇವತ್ತು ಸಂಜೆ ಅಮ್ಮ ಬೀರು ತೆಗೀತಾರೆ.

ಗಲ್ಲಾದಲ್ಲಿ ಯಜಮಾನ್ರು ಏಕಾಂತಯ್ಯ, ಪಕ್ಕದಲ್ಲಿ ಹೆಂಡ್ತಿ ಬಸವಲಿಂಗಮ್ಮ. ಶುಕ್ರವಾರ ಉಂಗುರ ಕೊಟ್ಟಿದ್ದು ಈ ಆಂಟೀನೇ. ಯಾರ ಮದುವೆ, ಯಾವ ಸೀರೆ ಅಂತೆಲ್ಲ ಕೇಳಿ, ಅದೇ ಉಂಗುರಕ್ಕೆ ದುಡ್ಡು ಹಿಡ್ಕೊಂಡು ನಿಂತಿದ್ದ ಒಬ್ರು ಮೇಡಂಗೆ ನಿಮ್ಮ ಜಾತಕಕ್ಕೆ ಆಗಲ್ಲ ಅಂತ ಜಾತಕ ನೋಡ್ದೇನೇ ಕಳಿಸಿ, ಇವಳ ಬೆರಳಿಗೆ ಹಾಕಿದ್ರು. ಪಾಪ, ಬೆಪ್ಪು ಆಂಟಿ ಅಂದ್ಕೊಂಡಿದ್ಳು ವಿಭಾ.

ಕೇಡಾಯ್ತು, ವಾಪಸ್ ತಗೊಳ್ಳಿ ಅಂತ ವಿಭಾ ಉಂಗುರ ಗಲ್ಲಾ ಮೇಲಿಟ್ಳು. ಏಕಾಂತಯ್ಯ ಕನ್ನಡಕ ಮೇಲೇರಿಸಿದ್ರು. "ಏನಮ್ಮ ಅಂಥಾ ಕೇಡಾಗಿದ್ದು?"

ಗಾಡಿ ಸ್ಕಿಡ್ ಆಯ್ತು, ಫೋನ್ ಒಡೆದೋಯ್ತು, ಇಂಟರ್ನಲ್ಸಲ್ಲಿ ಮಾರ್ಕ್ಸೇ ಬರ್ಲಿಲ್ಲ ಅಂದ್ಳು. ಫೋನು ಕೈಯಲ್ಲೇ ಫಳಫಳ ಅಂತಿತ್ತು.

"ಗಾಯ ಎಲ್ಲೂ ಕಾಣ್ತಿಲ್ವಲ್ಲ. ಈ ಉಂಗುರ ಆಗ್ಲೇ ನಾಲ್ಕು ಸಲ ವಾಪಸ್ ಬಂದಿದೆ. ಇನ್ನು ನಾನು ತಗೋಳಲ್ಲ. ಉಂಗುರ ನಿಂದು, ಬಳೆ ನಮ್ದು."

ವಿಭಾ ಉಂಗುರಾನ ಮತ್ತೆ ಅವರ ಕಡೆಗೇ ತಳ್ಳಿದ್ಳು.

ಬಸವಲಿಂಗಮ್ಮ ಎದ್ದು ಬಂದು ಅವಳ ಕೈ ಹಿಡ್ಕೊಂಡ್ರು. ವಿಭಾ ಕೈ ಐಸ್ ಥರ ತಣ್ಣಗಿತ್ತು.

"ಮಗು ಮೈ ಕೆಂಡದಂಗೆ ಸುಡ್ತಿದೆ ರೀ. ಶನಿ ಹೆಗಲೇರಿದ್ದಾನೆ. ನಾಳೆ ಏನಾದ್ರೂ ಆದ್ರೆ ಆ ಪಾಪ ನಿಮ್ಗೇ."

ಏಕಾಂತಯ್ಯ ಗೊಣಗ್ತಾ ಬಳೆ ಕೊಟ್ಟು, ಉಂಗುರ ಎತ್ತಿಡೋಕೆ ಒಳಗೆ ಹೋದ್ರು.

ಆಂಟಿ ಬಾಗಿಲವರೆಗೂ ಬಂದು, ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ್ರು. "ಮುಂದಿನ ವಾರ ಮದುವೆಗೆ ಹೋಗೋ ಫ್ರೆಂಡ್ ಯಾರಾದ್ರೂ ಇದ್ರೆ ಕಳ್ಸು. ನಿಜವಾಗ್ಲೂ ಕೊಳ್ಳೋರಿಗೆ ನಾನು ಕೊಡಲ್ಲ. ನಮ್ಮಮ್ಮನ ಉಂಗುರ ಕಣೇ ಅದು, ಇವ್ರು ಮಾರೋಕಿಟ್ಟಿದ್ದಾರೆ."